ಮಹಾರಾಜರದಲ್ಲದ ಕಾರು

ನಾನು ಹುಡುಗನಾಗಿದ್ದಾಗ ನಮ್ಮ ಹರಿಯಬ್ಬೆಯಲ್ಲಿ ಉದ್ದ ಮೂತಿಯ ಕಾರೆಲ್ಲವೂ ‘ಮಹಾರಾಜರ ಕಾರು’. ಹಿರಿಯೂರಿಗೆ ಹೋಗಿ ಬಂದವರು ಹೆದ್ದಾರಿಯಲ್ಲಿ ಅಂಥದೊಂದನ್ನು ಕಂಡೆವೆಂದರೆ ಸಾಕು, ಜಗುಲಿಯ ಮೇಲೆ ಒಂದು ಸಂಜೆ ಕಳೆಯುತ್ತಿತ್ತು. ಒಳಗೆ ಕುಳಿತವರು ಯಾರೆಂದು ಯಾರೂ ಕೇಳುತ್ತಿರಲಿಲ್ಲ.

ಈ ನಂಬಿಕೆ ಬರಿಯ ಗಾಳಿಮಾತೂ ಅಲ್ಲ. 1908ರಲ್ಲಿ ರೋಲ್ಸ್ ರಾಯ್ಸ್ ಕಾರೊಂದು ಮುಂಬಯಿ–ಕೊಲ್ಹಾಪುರದ ಘಟ್ಟದ ದಾರಿಯ ಪರೀಕ್ಷೆಯಲ್ಲಿ ಗೆದ್ದಿತು. ಗ್ವಾಲಿಯರ್ ಮಹಾರಾಜರು ಅದನ್ನು ಕೊಂಡರು. 1911ರ ದೆಹಲಿ ದರ್ಬಾರಿಗೆ ಸರ್ಕಾರ ಅಂಥ ಎಂಟು ಕಾರುಗಳನ್ನು ತರಿಸಿತು. ಮೈಸೂರಿನ ಅರಸರಂತೂ ಏಳೇಳು ಕಾರುಗಳನ್ನು ಒಟ್ಟಿಗೇ ಕೊಳ್ಳುತ್ತಿದ್ದರೆಂದೂ, ಸಗಟು ಖರೀದಿಗೆ ಆ ಕಂಪನಿಯವರು ‘ಮೈಸೂರು ಮಾಡುವುದು’ ಎಂದೇ ಹೆಸರಿಟ್ಟಿದ್ದರೆಂದೂ ಒಂದು ಮಾತು ಪ್ರಚಾರದಲ್ಲಿದೆ. ಸೊಗಸಾದ ಮಾತು. ಇಷ್ಟು ಸೊಗಸಾಗಿರುವುದರಿಂದಲೇ ನನಗೆ ಅದರ ಮೇಲೆ ತುಸು ಅನುಮಾನ.

ಕೆಲವು ವರ್ಷಗಳ ಹಿಂದೆ ಹಳೆಯ ವಿದ್ಯಾರ್ಥಿಯೊಬ್ಬ ತನ್ನ ಸೋದರಮಾವನೊಡನೆ ಮನೆಗೆ ಬಂದ. ಮಾವನ ಬಳಿ ಹಳೆಯ ಬೆಂಟ್ಲಿ ಸಲೂನ್ ಕಾರಿತ್ತು. (ಸಲೂನ್ ಎಂದರೆ ನಮ್ಮ ಕ್ಷೌರದಂಗಡಿಯಲ್ಲ, ಪೂರ್ತಿ ಮುಚ್ಚಿದ ಒಡಲಿನ ಕಾರು.) “ಇದು ಜಯಚಾಮರಾಜ ಒಡೆಯರ ಕಾರು ಸಾರ್. ಮಾರಬೇಕೆಂದಿದ್ದೇವೆ. ಚರಿತ್ರೆ ಅಂತ ಒಂದು ಪುಟ ಬರೆದುಕೊಡಿ” ಎಂದ. “ಮೂಲ ಪ್ರತಿ ಎಲ್ಲಪ್ಪಾ?” ಎಂದೆ. ಅವನಿಗೆ ಅರ್ಥವಾಗಲಿಲ್ಲ.

ಹಸ್ತಪ್ರತಿಗಳೊಡನೆ ಆಯುಷ್ಯ ಕಳೆದವನಿಗೆ ಹಳೆಯ ಕಾರು ಅಪರಿಚಿತ ವಸ್ತುವೇನಲ್ಲ. ಎರಡನೆಯ ಮಹಾಯುದ್ಧದವರೆಗೆ ರೋಲ್ಸ್ ರಾಯ್ಸ್ ಕಂಪನಿ ಮಾರುತ್ತಿದ್ದದ್ದು ಚಾಸಿಯನ್ನು ಮಾತ್ರ: ಚೌಕಟ್ಟು, ಎಂಜಿನ್, ಚಕ್ರ. ಮೇಲಿನ ಒಡಲನ್ನು ಹೂಪರ್, ಬಾರ್ಕರ್ ಮೊದಲಾದ ಬೇರೆ ಕುಶಲಿಗಳು ಕಟ್ಟುತ್ತಿದ್ದರು. ಬೆಂಟ್ಲಿಯೂ 1931ರಲ್ಲಿ ಅದೇ ಕಂಪನಿಯ ಸ್ವತ್ತಾಗಿತ್ತು. 1946ರಲ್ಲಿ ಕ್ರೂ ಪಟ್ಟಣದ ಕಾರ್ಖಾನೆಯಿಂದ ಹೊರಬಂದ ಬೆಂಟ್ಲಿ ಮಾರ್ಕ್ ಸಿಕ್ಸ್ ಈ ಪದ್ಧತಿಯನ್ನು ಮುರಿಯಿತು. ಉಕ್ಕಿನ ಒಡಲು ಸಮೇತ ಸಿದ್ಧ ಕಾರನ್ನೇ ಕಾರ್ಖಾನೆ ಕೊಡತೊಡಗಿತು. 1952ರವರೆಗೆ ಐದು ಸಾವಿರಕ್ಕೂ ಮಿಕ್ಕಿ ಮಾರ್ಕ್ ಸಿಕ್ಸ್ ಕಾರುಗಳು ತಯಾರಾದವು. ಐದು ಸಾವಿರ ಮಹಾರಾಜರು ಲೋಕದಲ್ಲಿ ಎಲ್ಲಿದ್ದರು?

ಸೋದರಮಾವನ ಕಾರು ಈ ಬಗೆಯದು. ಬಣ್ಣ ಬದಲಾಗುತ್ತದೆ, ಎಂಜಿನ್ ಕೂಡ ಬದಲಾಗಬಹುದು. ಪ್ರತಿಕಾರರು ತಿದ್ದುತ್ತ ಹೋದ ಕಾವ್ಯದಂತೆ ಕಾರಿಗೂ ಪಾಠಾಂತರಗಳುಂಟು. ಮೂಲಕ್ಕೆ ಸಾಕ್ಷಿ ಚಾಸಿಯ ಸಂಖ್ಯೆ. (ಆ ಸಂಖ್ಯೆಗಳ ಸರಣಿಯಲ್ಲಿ 13ನ್ನು ಕಂಪನಿ ಬಿಟ್ಟುಬಿಡುತ್ತಿತ್ತು. ರಾಹುಕಾಲ ನೋಡುವ ನಮ್ಮನ್ನು ನಕ್ಕವರು ಅವರೇ!) ಯಾವ ಚಾಸಿ ಮೊದಲು ಯಾರ ಕೈಸೇರಿತೆಂಬ ದಾಖಲೆಯನ್ನು ಇಂಗ್ಲೆಂಡಿನಲ್ಲಿ ರೋಲ್ಸ್ ರಾಯ್ಸ್ ಅಭಿಮಾನಿಗಳ ಕ್ಲಬ್ಬು ತನ್ನ ಹಂಟ್ ಹೌಸಿನಲ್ಲಿ ಕಾಪಾಡಿಕೊಂಡು ಬಂದಿದೆ. ಹುಡುಗನಿಂದ ಅಲ್ಲಿಗೆ ಬರೆಸಿದೆ.

ಉತ್ತರ ಬಂತು. ಮೊದಲ ಒಡೆಯ ಇಂಗ್ಲೆಂಡಿನ ಒಬ್ಬ ವರ್ತಕ. ನೋಂದಣಿ ಪುಸ್ತಕದಲ್ಲಿ ಮುಂದಿನ ಕಥೆಯಿತ್ತು: ಮದರಾಸು, ಕೊಡಗಿನ ಒಂದು ಕಾಫಿ ತೋಟ, ದಾವಣಗೆರೆಯ ಹತ್ತಿ ವ್ಯಾಪಾರಿ, ಕೊನೆಗೆ ಇವರು. ಮೈಸೂರು ಎಲ್ಲಿಯೂ ಇಲ್ಲ. “ಮೇಷ್ಟ್ರೇ, ಒಂದು ಕಾಗದ ತರಿಸಿ ನನ್ನ ಗಾಡಿಯ ಬೆಲೆ ಅರ್ಧ ಮಾಡಿಬಿಟ್ಟಿರಲ್ಲಾ” ಎಂದು ಸೋದರಮಾವ ನೊಂದುಕೊಂಡರು. ಮಗಳ ಮದುವೆಯ ಖರ್ಚನ್ನು ಅವರು ಆ ಕಾರಿನ ಮೇಲೆ ಇಟ್ಟುಕೊಂಡಿದ್ದರೆಂದು ನನಗೆ ಆಮೇಲೆ ತಿಳಿಯಿತು.

ಅವರು ಬೇಕೆಂದು ಸುಳ್ಳಾಡಿದವರಲ್ಲ, ಕೊಂಡಾಗ ಕೇಳಿದ್ದನ್ನು ನಂಬಿದವರು. 1971ರ ಡಿಸೆಂಬರಿನಲ್ಲಿ ರಾಜಧನ ರದ್ದಾಯಿತು; ಮೈಸೂರಿಗೆ ವರ್ಷಕ್ಕೆ 26 ಲಕ್ಷ ರೂಪಾಯಿ ಸಲ್ಲುತ್ತಿತ್ತು. ದೇಶದ ಎಷ್ಟೋ ಅರಮನೆಗಳ ಕಾರುಖಾನೆಗಳು ಬರಿದಾದವು. ನಿಜವಾದ ಅರಮನೆಯ ಕಾರುಗಳು ಚದುರಿಹೋದ ಮೇಲೆ ತಬ್ಬಲಿಯಾದ ಪ್ರತಿಯೊಂದು ಕಾರಿಗೂ ಒಂದು ಅರಮನೆಯನ್ನು ಹೇಳಿಕೊಳ್ಳುವುದು ಸುಲಭವಾಯಿತು. 2021ರ ಕೇಂದ್ರ ನಿಯಮದಂತೆ ಐವತ್ತು ವರ್ಷ ಮೀರಿದ ಕಾರಿಗೆ 20,000 ರೂಪಾಯಿ ಕಟ್ಟಿ ‘ವಿಎ’ ಅಕ್ಷರಗಳ ಪ್ರತ್ಯೇಕ ನೋಂದಣಿ ಪಡೆಯಬಹುದು. ವಂಶಾವಳಿಯನ್ನು ಮಾತ್ರ ಸಾರಿಗೆ ಕಚೇರಿ ಕೊಡುವುದಿಲ್ಲ.

ಬೇಸರದಿಂದ ಹೊರಟವರನ್ನು ತಡೆದು ಕಾರಿನ ಇತರ ಕಾಗದಗಳನ್ನೂ ನೋಡಿದೆ. ಕೈಪಿಡಿಯ ಹಾಳೆಗಳ ಅಂಚಿನಲ್ಲಿ ಪೆನ್ಸಿಲಿನ ಕನ್ನಡ ಅಕ್ಷರಗಳು! ದಾವಣಗೆರೆಯ ವ್ಯಾಪಾರಿಯ ಡ್ರೈವರ್ ಬರೆದುಕೊಂಡದ್ದು, ಹೆಸರಿಲ್ಲ. ಆಯಿಲ್ ಬದಲಿಸಿದ ದಿನ, ಓಡಿದ ಮೈಲಿ, ಪಂಕ್ಚರ್. ನಡುವೆ ಎರಡು ಕಡೆ ಹೀಗಿತ್ತು: “ಹಿರಿಯೂರಲ್ಲಿ ನಿಲ್ಲಿಸಿ ನೀರು ಹಾಕಿದೆ. ಜನ ಸೇರಿದರು.”

ಇಸವಿ 1968. ನನಗೆ ಆಗ ಹತ್ತು ವರ್ಷ.

ಆ ಕಾರಿನ ಬಗ್ಗೆ ಒಂದು ಪುಟ ಬರೆದುಕೊಟ್ಟೆ, ಕಾಗದದಲ್ಲಿ ಇದ್ದದ್ದನ್ನು ಇದ್ದಂತೆ. ಯಾರು ಕೊಂಡರೂ ಆ ಕೈಪಿಡಿಯನ್ನು ಕಾರಿನ ಜೊತೆಯಲ್ಲೇ ಕೊಡಿರೆಂದು ಸೋದರಮಾವನಿಗೆ ಹೇಳಿದೆ. ಮದುವೆಗೆ ಅವರು ಸಾಲ ಮಾಡಿದರು. ಕಾರನ್ನು ಇನ್ನೂ ಮಾರಿಲ್ಲ.