ಟೂ ಸ್ಟ್ರೋಕ್ ಕ್ವಾಡ್‌ಗೆ ಹೆಚ್ಚಿನ ಬಲ : ಕಡಿಮೆ ಖರ್ಚಿನಲ್ಲಿ ಎಷ್ಟು ಸಾಧ್ಯ?

ಅಗಲವಾದ ನಾಲ್ಕು ಬಲೂನು ಚಕ್ರ, ಬೈಕಿನಂತೆ ಎರಡೂ ಕಡೆ ಕಾಲು ಇಳಿಬಿಟ್ಟು ಕೂರುವ ಆಸನ, ಸ್ಟೀರಿಂಗ್ ಬದಲಿಗೆ ಹ್ಯಾಂಡಲ್ - ಇದೇ ಕ್ವಾಡ್. ನಮ್ಮ ಕೆಲವು ಪ್ರವಾಸಿ ತಾಣಗಳಲ್ಲಿ ನೀವು ಇದನ್ನು ಕಂಡಿರಬಹುದು. ಆದರೆ ಇದು ಮನೆಮಾತಾಗಿರುವುದು ಅಮೆರಿಕದಲ್ಲಿ. ಅಲ್ಲಿ 1988ರಿಂದ 2006ರವರೆಗೆ ಮಾರಾಟವಾದ ಯಮಹಾ ಬ್ಲಾಸ್ಟರ್ ಎಂಬ ಕ್ವಾಡ್ ಹೊಸಬರ ಅಚ್ಚುಮೆಚ್ಚಿನ ವಾಹನವಾಗಿತ್ತು. ಒಂದೇ ಸಿಲಿಂಡರು, ಗಾಳಿಯಿಂದ ತಂಪಾಗುವ 195 ಘನ ಸೆಂಟಿಮೀಟರಿನ ಟೂ ಸ್ಟ್ರೋಕ್ ಎಂಜಿನ್, ಆರು ಗೇರು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 2002ರಲ್ಲಿ ಪ್ರಕಟಿಸಿದ ಹೊಗೆ ನಿಯಮಗಳು 2006ರ ಮಾದರಿಗಳಿಂದ ಹಂತಹಂತವಾಗಿ ಜಾರಿಗೆ ಬಂದವು. ಟೂ ಸ್ಟ್ರೋಕ್ ಕ್ವಾಡ್‌ಗಳ ಕಾಲ ಅಲ್ಲಿಗೆ ಮುಗಿಯುತ್ತ ಬಂತು. ಆದ್ದರಿಂದ ಈಗ ಸಿಗುವ ಬ್ಲಾಸ್ಟರುಗಳೆಲ್ಲ ಹಳೆಯವು. ಬೆಲೆ ಕಡಿಮೆ, ರಚನೆ ಸರಳ. ಕೊಂಡ ಹುಡುಗನಿಗೆ ಮರುದಿನವೇ ಹುಟ್ಟುವ ಪ್ರಶ್ನೆ: ಇದರ ಬಲ ಹೆಚ್ಚಿಸುವುದು ಹೇಗೆ? ಕೈಯಲ್ಲಿರುವ ಅಲ್ಪ ಹಣವನ್ನು ಮೊದಲು ಎಲ್ಲಿ ಹಾಕಬೇಕು?

ಹೆಚ್ಚಿನವರಿಗೆ ತಕ್ಷಣ ಹೊಳೆಯುವುದು ದೊಡ್ಡ ಪಿಸ್ಟನ್. ಲೆಕ್ಕ ಹಾಕಿ ನೋಡೋಣ. ಬ್ಲಾಸ್ಟರಿನ ಸಿಲಿಂಡರಿನ ವ್ಯಾಸ 66 ಮಿಮೀ, ಪಿಸ್ಟನ್ ಚಲಿಸುವ ದೂರ 57 ಮಿಮೀ. ಸವೆದ ಸಿಲಿಂಡರನ್ನು ಕೊರೆಸಿ 0.25 ಮಿಮೀ ದೊಡ್ಡ ಪಿಸ್ಟನ್ ಹಾಕಿದರೆ 195 ಇದ್ದದ್ದು 196.5 ಘನ ಸೆಂಮೀ ಆಗುತ್ತದೆ. ಅಂದರೆ ಹೆಚ್ಚಳ ಶೇಕಡಾ ಒಂದಕ್ಕಿಂತ ಕಡಿಮೆ! ಹೊಸ ಪಿಸ್ಟನ್ ಹಾಕಿದ ಗಾಡಿ ಜೋರಾಗಿ ಓಡಿದರೆ ಅದಕ್ಕೆ ಕಾರಣ ಗಾತ್ರವಲ್ಲ, ಸೋರಿಕೆ ನಿಂತದ್ದು.

ಟೂ ಸ್ಟ್ರೋಕ್ ಎಂಜಿನ್ನಿನ ಬಲ ಇರುವುದು ಅದರ ಉಸಿರಾಟದಲ್ಲಿ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಯೆಜ್ಡಿಯನ್ನೋ ಯಮಹಾ ಆರ್‌ಎಕ್ಸ್ 100 ಅನ್ನೋ ಬಿಚ್ಚಿ ನೋಡಿದವರಿಗೆ ಇದು ಗೊತ್ತು. ಇದರಲ್ಲಿ ಫೋರ್ ಸ್ಟ್ರೋಕ್ ಎಂಜಿನ್ನಿನ ಕವಾಟಗಳಿಲ್ಲ. ಸಿಲಿಂಡರಿನ ಗೋಡೆಯಲ್ಲಿರುವ ಕಿಂಡಿಗಳನ್ನು ಪಿಸ್ಟನ್ನೇ ಮುಚ್ಚಿ ತೆರೆಯುತ್ತದೆ. ಪಿಸ್ಟನ್ ಮೇಲೇರುವಾಗ ಕೆಳಗಿನ ಕ್ರ್ಯಾಂಕ್ ಪೆಟ್ಟಿಗೆ ಪೆಟ್ರೋಲು-ಗಾಳಿಯ ಮಿಶ್ರಣವನ್ನು ಒಳಗೆಳೆದುಕೊಳ್ಳುತ್ತದೆ. ಇಳಿಯುವಾಗ ಅದನ್ನು ಪಂಪಿನಂತೆ ಸಿಲಿಂಡರಿಗೆ ತಳ್ಳುತ್ತದೆ. ಅದೇ ಗಳಿಗೆಯಲ್ಲಿ ಸುಟ್ಟ ಅನಿಲ ಹೊರಹೋಗುವ ಕಿಂಡಿಯೂ ತೆರೆದಿರುತ್ತದೆ. ಹೀಗಾಗಿ ಹೊಸ ಮಿಶ್ರಣದ ಒಂದು ಪಾಲು ಸುಡದೆಯೇ ಹೊಗೆಯ ಜೊತೆ ಹೊರಟುಹೋಗುತ್ತದೆ. ಟೂ ಸ್ಟ್ರೋಕ್ ವಾಹನದ ದುಂದಿಗೂ ಅದರ ಕಟು ವಾಸನೆಗೂ ಮುಖ್ಯ ಕಾರಣ ಇದೇ.

ಕ್ರ್ಯಾಂಕ್ ಪೆಟ್ಟಿಗೆಯೇ ಪಂಪ್ ಎಂದ ಮೇಲೆ ಅದು ಸೋರಬಾರದು. ಬಲ ಹೆಚ್ಚಿಸುವ ಬಿಡಿಭಾಗ ಕೊಳ್ಳುವ ಮೊದಲು ಮಾಡಬೇಕಾದ ಪರೀಕ್ಷೆ ಇದು. ಕಾರ್ಬ್ಯುರೇಟರಿನ ಬಾಯಿಗೂ ಹೊಗೆ ಕಿಂಡಿಗೂ ರಬ್ಬರ್ ಬಿರಡೆ ಬಿಗಿದು, ಒಂದರ ಮೂಲಕ ಸೈಕಲ್ ಪಂಪಿನಿಂದ ಮೆಲ್ಲಗೆ ಗಾಳಿ ತುಂಬಿಸುತ್ತಾರೆ. ಒತ್ತಡ ಚದರ ಅಂಗುಲಕ್ಕೆ 6 ಪೌಂಡ್ ಸಾಕು. ಹೆಚ್ಚಾದರೆ ಎಣ್ಣೆ ಸೀಲುಗಳೇ ಕಿತ್ತುಬಂದಾವು. ಮಾಪಕದ ಮುಳ್ಳು ನಿಮಿಷಕ್ಕೆ ಒಂದು ಪೌಂಡಿಗಿಂತ ಹೆಚ್ಚು ಇಳಿದರೆ ಎಲ್ಲೋ ಸೋರಿಕೆಯಿದೆ ಎಂದರ್ಥ. ಸೋಪಿನ ನೊರೆ ಹಚ್ಚಿದರೆ ಗುಳ್ಳೆ ಎದ್ದು ಜಾಗ ತೋರಿಸುತ್ತದೆ. ಸಾಮಾನ್ಯವಾಗಿ ಸಿಕ್ಕಿಬೀಳುವುದು ಕ್ರ್ಯಾಂಕಿನ ತುದಿಯ ಸೀಲು, ಇಲ್ಲವೇ ಕಾರ್ಬ್ಯುರೇಟರ್ ಕೂರುವ ಬಿರುಕುಬಿಟ್ಟ ರಬ್ಬರ್. ಎರಡೂ ಅಗ್ಗದ ವಸ್ತುಗಳು. ಆದರೆ ಅಲ್ಲಿಂದ ಕದ್ದು ನುಗ್ಗುವ ಗಾಳಿ ಇಡೀ ಎಂಜಿನ್ನನ್ನೇ ಸುಡಬಲ್ಲದು. ಹೇಗೆಂಬುದನ್ನು ಮುಂದೆ ನೋಡೋಣ.

ಸೋರಿಕೆ ಇಲ್ಲವೆಂದಾದ ಮೇಲೆ ಹಾಕಿದ ಹಣಕ್ಕೆ ಅತಿ ಹೆಚ್ಚು ಫಲ ಕೊಡುವುದು ಹೊಗೆ ಕೊಳವೆ. ಟೂ ಸ್ಟ್ರೋಕ್ ವಾಹನದ ಕೊಳವೆ ಹೊಟ್ಟೆ ಉಬ್ಬಿಕೊಂಡು ಮತ್ತೆ ಸಣ್ಣದಾಗುವುದೇಕೆ? ಅದು ಅಂದಕ್ಕಲ್ಲ. ಹೊಗೆ ಕಿಂಡಿ ತೆರೆದಾಗ ಒತ್ತಡದ ಒಂದು ಅಲೆ ಕೊಳವೆಯಲ್ಲಿ ಓಡುತ್ತದೆ. ಕೊಳವೆ ಅಗಲವಾಗುವ ಕಡೆ ಆ ಅಲೆಯ ಒಂದಂಶ ಹೀರುವ ಅಲೆಯಾಗಿ ಹಿಂದಿರುಗಿ, ಸಿಲಿಂಡರಿನಲ್ಲಿ ಉಳಿದ ಹೊಗೆಯನ್ನು ಎಳೆದುಹಾಕುತ್ತದೆ. ಅದರ ಹಿಂದೆಯೇ ಹೊಸ ಮಿಶ್ರಣವೂ ಸ್ವಲ್ಪ ಕೊಳವೆಯೊಳಕ್ಕೆ ಬಂದುಬಿಡುತ್ತದೆ. ಕೊಳವೆ ಕಿರಿದಾಗುವ ಕಡೆ ಉಳಿದ ಅಲೆ ತಳ್ಳುವ ಅಲೆಯಾಗಿಯೇ ಪ್ರತಿಫಲಿಸುತ್ತದೆ. ಕಿಂಡಿ ಮುಚ್ಚುವ ಕೊನೆಯ ಕ್ಷಣಕ್ಕೆ ಸರಿಯಾಗಿ ಅದು ಮರಳಿದರೆ, ಹೊರಬಂದ ಮಿಶ್ರಣವನ್ನು ಮತ್ತೆ ಸಿಲಿಂಡರಿನೊಳಕ್ಕೆ ತುರುಕುತ್ತದೆ. ಚಲಿಸುವ ಭಾಗವೇ ಇಲ್ಲದ ಪಂಪು!

ಈ ವಿದ್ಯೆಯನ್ನು ಪಳಗಿಸಿದವರು ಪೂರ್ವ ಜರ್ಮನಿಯ ಎಂಜಡ್ ಕಾರ್ಖಾನೆಯ ಎಂಜಿನಿಯರ್ ವಾಲ್ಟರ್ ಕಾಡೆನ್. 1961ರ ಹೊತ್ತಿಗೆ ಅವರ 125 ಘನ ಸೆಂಮೀ ರೇಸ್ ಎಂಜಿನ್ 25 ಅಶ್ವಶಕ್ತಿ, ಅಂದರೆ ಲೀಟರಿಗೆ 200ರ ಲೆಕ್ಕ, ಮುಟ್ಟಿತ್ತು. ಅದೇ ವರ್ಷ ಅವರ ಸವಾರ ಅರ್ನ್ಸ್ಟ್ ಡೆಗ್ನರ್ ದೇಶ ಬಿಟ್ಟು ಜಪಾನಿನ ಸುಜುಕಿ ಕಂಪನಿ ಸೇರಿದ. ಮರುವರ್ಷವೇ ಸುಜುಕಿಗೆ 50 ಘನ ಸೆಂಮೀ ವರ್ಗದ ವಿಶ್ವ ಪ್ರಶಸ್ತಿ ಬಂತು. ಜಪಾನಿನ ಟೂ ಸ್ಟ್ರೋಕ್ ಯುಗದ ಹಿಂದೆ ಹೀಗೊಂದು ಪತ್ತೇದಾರಿ ಕಥೆಯೂ ಇದೆ.

ಕೊಳವೆಯ ಉದ್ದವನ್ನು ನೀವೇ ಅಂದಾಜು ಮಾಡಬಹುದು. ಎಂಜಿನ್ ನಿಮಿಷಕ್ಕೆ 8000 ಸುತ್ತು ತಿರುಗುವಾಗ ಒಂದು ಸುತ್ತಿಗೆ 7.5 ಮಿಲಿಸೆಕೆಂಡು. ಹೊಗೆ ಕಿಂಡಿ ಅರ್ಧ ಸುತ್ತು ತೆರೆದಿರುತ್ತದೆ ಎಂದುಕೊಳ್ಳಿ: 3.75 ಮಿಲಿಸೆಕೆಂಡು. ಬಿಸಿ ಹೊಗೆಯಲ್ಲಿ ಅಲೆಯ ವೇಗ ಸೆಕೆಂಡಿಗೆ ಸುಮಾರು 500 ಮೀಟರ್. ಈ ಅವಧಿಯಲ್ಲಿ ಅದು ಹೋಗಿ ಬರುವ ದೂರ ಸುಮಾರು 1.9 ಮೀಟರ್, ಅದರ ಅರ್ಧ, 94 ಸೆಂಮೀ, ಕಿಂಡಿಯಿಂದ ಅಲೆ ಪ್ರತಿಫಲಿಸುವ ಜಾಗಕ್ಕಿರುವ ದೂರ. 6000 ಸುತ್ತಿಗೆ ಇದೇ ಲೆಕ್ಕ ಹಾಕಿದರೆ 125 ಸೆಂಮೀ ಬರುತ್ತದೆ. ಅಂದರೆ ಒಂದು ಕೊಳವೆ ಒಂದು ವೇಗದ ಸುತ್ತಮುತ್ತ ಮಾತ್ರ ಚೆನ್ನಾಗಿ ದುಡಿಯುತ್ತದೆ. ಮರಳುಗುಡ್ಡದ ಮೇಲೆ ಎಂಜಿನ್ನನ್ನು ಸದಾ ಜೋರಾಗಿ ತಿರುಗಿಸುವವನಿಗೆ ಒಪ್ಪುವ ಕೊಳವೆ ಕಾಡಿನ ಇಕ್ಕಟ್ಟು ಹಾದಿಯಲ್ಲಿ ಬೇಸರ ತರಿಸುತ್ತದೆ. ಎಷ್ಟು ಅಶ್ವಶಕ್ತಿ ಎಂದು ಕೇಳಿದರೆ ಸಾಲದು. ಎಷ್ಟನೇ ಸುತ್ತಿನಲ್ಲಿ ಎಂದೂ ಕೇಳಬೇಕು. ಸದ್ದಿನ ಮಾತೂ ಇದೆ. 1986 ಮತ್ತು ನಂತರದ ಇಂಥ ವಾಹನಗಳಿಗೆ ಕ್ಯಾಲಿಫೋರ್ನಿಯದಲ್ಲಿ 96 ಡೆಸಿಬೆಲ್ ಮಿತಿ. ಅರಣ್ಯ ಪ್ರದೇಶದಲ್ಲಿ ಕಿಡಿ ತಡೆಯುವ ಜಾಲರಿಯೂ ಕಡ್ಡಾಯ. ಅಗ್ಗದ ಕೊಳವೆ ಕೊಳ್ಳುವವರು ಇದನ್ನು ಮರೆಯುತ್ತಾರೆ.

ಈಗ ಸುಡುವ ಮಾತಿಗೆ ಬರೋಣ. ಉಸಿರು ಸುಲಭವಾದ ಎಂಜಿನ್‌ಗೆ ಹೆಚ್ಚು ಗಾಳಿ ಸಿಗುತ್ತದೆ; ಅದಕ್ಕೆ ತಕ್ಕಂತೆ ಪೆಟ್ರೋಲು ಹೆಚ್ಚದಿದ್ದರೆ ಮಿಶ್ರಣ ತೆಳ್ಳಗಾಗುತ್ತದೆ. ಟೂ ಸ್ಟ್ರೋಕ್‌ನಲ್ಲಿ ಪೆಟ್ರೋಲು ಇಂಧನ ಮಾತ್ರವಲ್ಲ. ಆವಿಯಾಗುತ್ತ ಪಿಸ್ಟನ್ನನ್ನು ತಂಪಾಗಿಸುವುದೂ ಅದೇ, ಎಣ್ಣೆಯನ್ನು ಹೊತ್ತು ತರುವುದೂ ಅದೇ. ತೆಳುವಾದ ಮಿಶ್ರಣದಲ್ಲಿ ಪಿಸ್ಟನ್ ಕಾದು, ಹಿಗ್ಗಿ, ಸಿಲಿಂಡರಿಗೆ ಕಚ್ಚಿಕೊಳ್ಳುತ್ತದೆ. ಅಲ್ಯೂಮಿನಿಯಂ ಕರಗುವುದು 660 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಪಿಸ್ಟನ್ನಿನ ಮಿಶ್ರಲೋಹ ಅದಕ್ಕೂ ಮೊದಲೇ ಮೆತ್ತಗಾಗುತ್ತದೆ. ನೆತ್ತಿಯಲ್ಲಿ ತೂತು ಬಿದ್ದ ಪಿಸ್ಟನ್ನುಗಳು ಹೀಗೆ ಸತ್ತವು. ಇನ್ನೂ ಮೋಸದ ವಿಷಯವೆಂದರೆ, ಸಾಯುವ ಮುನ್ನ ಎಂಜಿನ್ ಎಂದಿಗಿಂತ ಚುರುಕಾಗಿ ಓಡುತ್ತದೆ!

ಆದ್ದರಿಂದ ಕೊಳವೆ ಬದಲಿಸಿದಾಗ, ಗಾಳಿ ಪೆಟ್ಟಿಗೆಯ ಮುಚ್ಚಳ ತೆಗೆದಾಗ ಕೂಡ, ಕಾರ್ಬ್ಯುರೇಟರಿನ ಮುಖ್ಯ ಜೆಟ್ಟನ್ನು ದೊಡ್ಡದು ಮಾಡಲೇಬೇಕು. (ಮುಚ್ಚಳ ಸರಿ, ಸೋಸುಕವನ್ನು ತೆಗೆಯಬಾರದು. ಮರಳು ಒಳಹೊಕ್ಕರೆ ಸಿಲಿಂಡರಿಗೆ ಉಪ್ಪುಕಾಗದ ಉಜ್ಜಿದಂತೆ.) ಹಿತ್ತಾಳೆಯ ಆ ಪುಟ್ಟ ತಿರುಪಿಗೆ ಕೊಳವೆಯ ಬೆಲೆಯ ಅತಿ ಸಣ್ಣ ಪಾಲು ಸಾಕು. ಯಾವ ಜೆಟ್ ಸರಿ ಎಂಬುದು ಊರಿಗೂ ಹವೆಗೂ ತಕ್ಕಂತೆ ಬದಲಾಗುತ್ತದೆ. ಕೊಲರಾಡೊದ 3000 ಮೀಟರ್ ಎತ್ತರದಲ್ಲಿ ಗಾಳಿಯ ಸಾಂದ್ರತೆ ಸಮುದ್ರ ಮಟ್ಟದ ಮುಕ್ಕಾಲು ಪಾಲು ಮಾತ್ರ. ಅಲ್ಲಿಗೆ ಹೊಂದಿಸಿದ ಗಾಡಿಯನ್ನು ಕ್ಯಾಲಿಫೋರ್ನಿಯದ ಗ್ಲಾಮಿಸ್ ಮರಳುಗುಡ್ಡಗಳಿಗೆ ಇಳಿಸಿ ಪೂರ್ತಿ ವೇಗಕ್ಕೆ ತಿರುಗಿಸಿದರೆ ಪಿಸ್ಟನ್ ಉಳಿಯುವುದು ಕಷ್ಟ. ಬೆಂಗಳೂರಿನಿಂದ ಮಂಗಳೂರಿಗೆ ಇಳಿದರೂ ಸಾಂದ್ರತೆ ಸುಮಾರು ಶೇ. 9ರಷ್ಟು ಏರುತ್ತದೆ. ಅದೇ ಊರಿನಲ್ಲೇ 35 ಡಿಗ್ರಿಯ ಮಧ್ಯಾಹ್ನಕ್ಕೂ 5 ಡಿಗ್ರಿಯ ಬೆಳಗಿಗೂ ಶೇ. 11ರಷ್ಟು ವ್ಯತ್ಯಾಸ.

ಎಣ್ಣೆಯ ವಿಷಯದಲ್ಲಿ ಒಂದು ಸ್ವಾರಸ್ಯ. ಬ್ಲಾಸ್ಟರಿನಲ್ಲಿ ಎಣ್ಣೆಯನ್ನು ಪಂಪು ಪ್ರತ್ಯೇಕವಾಗಿ ಒದಗಿಸುತ್ತದೆ. ಹಳೆಯ ಪಂಪನ್ನು ನಂಬದೆ ಅದನ್ನು ತೆಗೆದು, 32 ಪಾಲು ಪೆಟ್ರೋಲಿಗೆ ಒಂದು ಪಾಲು ಎಣ್ಣೆ ಬೆರೆಸುವವರು ಬಹಳ. ಒಳ್ಳೆಯದೇ. ಆದರೆ ಹೆದರಿಕೆಯಿಂದ ಎಣ್ಣೆ ಹೆಚ್ಚು ಬೆರೆಸಿದರೆ, ಜೆಟ್ಟಿನ ಅದೇ ತೂತಿನಲ್ಲಿ ಹಾಯುವ ಪೆಟ್ರೋಲು ಅಷ್ಟು ಕಡಿಮೆಯಾಗಿ ಮಿಶ್ರಣ ತೆಳ್ಳಗಾಗುತ್ತದೆ!

ರೀಡ್ ಕವಾಟದ ತೆಳು ಎಲೆಗಳ ಅಂಚು ಮುರಿದಿದ್ದರೆ ಬದಲಿಸಿ. ಸರಿಯಿದ್ದರೆ ಸದ್ಯಕ್ಕೆ ಬಿಡಿ. ಸಿಲಿಂಡರ್ ಹೆಡ್ಡನ್ನು ಲೇತಿನಲ್ಲಿ ತುಸು ಕತ್ತರಿಸಿ ಸಂಪೀಡನೆ ಹೆಚ್ಚಿಸುವುದು ಅಗ್ಗದ ಕೆಲಸ. ಕೆಳವೇಗದಲ್ಲೂ ಬಲ ಸಿಗುತ್ತದೆ. ಆದರೆ ಶಾಖವೂ ಏರುತ್ತದೆ, ಹೆಚ್ಚಿನ ಆಕ್ಟೇನಿನ ಪೆಟ್ರೋಲು ಬೇಕಾಗುತ್ತದೆ. ಗಾಳಿಯಿಂದ ತಂಪಾಗುವ ಎಂಜಿನ್ನಿನಲ್ಲಿ ಅತಿಯಾಸೆ ಬೇಡ. ಕಿಂಡಿಗಳನ್ನು ಉಜ್ಜಿ ಎತ್ತರಿಸುವ ಕೆಲಸವನ್ನು ನಮ್ಮ ಆರ್‌ಎಕ್ಸ್ 100 ಪ್ರಿಯರೂ ಮಾಡಿಸುತ್ತಾರೆ. ಹೊಗೆ ಕಿಂಡಿ ಎತ್ತರವಾದಷ್ಟೂ ಬಲ ಮೇಲಿನ ವೇಗಕ್ಕೆ ಸರಿಯುತ್ತದೆ, ಕೆಳವೇಗದಲ್ಲಿ ಇಳಿಯುತ್ತದೆ. ಜೆಟ್ಟನ್ನು ಹಿಂದಕ್ಕೆ ಬದಲಿಸಬಹುದು, ಉಜ್ಜಿದ ಲೋಹವನ್ನು ಮತ್ತೆ ಅಂಟಿಸಲಾಗದು. ಪಳಗಿದ ಕೈ ಸಿಗದಿದ್ದರೆ ಇದನ್ನು ಮುಟ್ಟದಿರುವುದೇ ಲೇಸು.

ಎಂಜಿನ್ನನ್ನೇ ಮುಟ್ಟದೆ ಮಾಡುವ ಒಂದು ಉಪಾಯವನ್ನು ಬಹಳ ಮಂದಿ ಕಡೆಗಣಿಸುತ್ತಾರೆ. ಚೈನಿನ ಮುಂದಿನ ಹಲ್ಲುಚಕ್ರಕ್ಕೆ 13ರ ಬದಲು 12 ಹಲ್ಲು ಇದ್ದರೆ ಹಿಂಚಕ್ರದ ತಳ್ಳುಬಲ ಶೇ. 8ರಷ್ಟು ಹೆಚ್ಚುತ್ತದೆ, ಗರಿಷ್ಠ ವೇಗ ಅಷ್ಟೇ ಸುಮಾರಿನಲ್ಲಿ ಇಳಿಯುತ್ತದೆ. ಏರು ಹತ್ತುವವನಿಗೆ ಇದು ಲಾಭದ ವ್ಯಾಪಾರ.

ಏನೇ ಬದಲಿಸಿದರೂ ಕೊನೆಯ ಪರೀಕ್ಷೆ ಸ್ಪಾರ್ಕ್ ಪ್ಲಗ್ಗಿನದು. ಹೊಸ ಪ್ಲಗ್ ಹಾಕಿ, ಎಂಜಿನ್ ಬಿಸಿಯಾದ ಮೇಲೆ ತೆರೆದ ಬಯಲಿನಲ್ಲಿ ಮೇಲಿನ ಗೇರಿನಲ್ಲಿ ಪೂರ್ತಿ ವೇಗಕ್ಕೆ ಓಡಿಸಬೇಕು. ಓಡುತ್ತಿರುವಾಗಲೇ ಕ್ಲಚ್ ಹಿಡಿದು, ಸ್ವಿಚ್ಚು ಆರಿಸಿ, ನಿಂತಲ್ಲೇ ಪ್ಲಗ್ ಬಿಚ್ಚಿ ನೋಡಬೇಕು. ನಿಧಾನವಾಗಿ ಮನೆಗೆ ತಂದು ನೋಡಿದರೆ ಕಾಣುವುದು ನಿಧಾನದ ಬಣ್ಣವಷ್ಟೇ. ಸೀಸರಹಿತ ಪೆಟ್ರೋಲಿನಲ್ಲಿ ಗುರುತು ಮಸುಕಾಗಿರುವುದರಿಂದ ಪಿಂಗಾಣಿಯ ತುದಿಯನ್ನಲ್ಲ, ಒಳಗಿನ ಬುಡವನ್ನು ಟಾರ್ಚ್ ಹಿಡಿದು ನೋಡಿ. ಅಲ್ಲಿ ಕಂದು ಬಣ್ಣದ ಉಂಗುರವಿದ್ದರೆ ಸರಿ. ಕಪ್ಪಾಗಿ ಒದ್ದೆಯಿದ್ದರೆ ಜೆಟ್ ದೊಡ್ಡದಾಯಿತು. ಬೆಳ್ಳಗಿದ್ದರೆ ಅದೇ ಜೆಟ್ಟಿನಲ್ಲಿ ಗಾಡಿಯನ್ನು ಜೋರಾಗಿ ಓಡಿಸಬೇಡಿ. ದೊಡ್ಡ ಜೆಟ್ ಹಾಕಿ, ಹೊಸ ಪ್ಲಗ್ಗಿನೊಂದಿಗೆ ಮತ್ತೆ ಪರೀಕ್ಷಿಸಿ.