ಪಾಯಿಂಟ್ 22 ರೈಫಲ್‌ಗೆ ಲೈಸೆನ್ಸ್ ಬೇಡವೇ? ಅದರ ಗುಂಡು ನೂರು ಗಜ ದಾಟುವುದಿಲ್ಲವೇ?

ಮದಕರಿಪುರದಲ್ಲಿರುವ ನಮ್ಮ ಮಾವ ಕಳೆದ ವಾರ ಒಂದು ಫಾರ್ವರ್ಡ್ ಕಳಿಸಿ, "ನೋಡವ್ವ, ಇದು ನಿಜಾನಾ?" ಎಂದು ಕೇಳಿದರು. ಮೆಕ್ಕೆಜೋಳಕ್ಕೆ ಕಾಡುಹಂದಿ ಕಾಟ ಇದ್ದದ್ದೇ. ಹಾಗಾಗಿ ಊರಿನ ಗುಂಪಿನಲ್ಲಿ ಆ ಸಂದೇಶ ಚೆನ್ನಾಗಿಯೇ ಓಡುತ್ತಿತ್ತು. "ಪಾಯಿಂಟ್ 22 ಅಂದರೆ ಮಕ್ಕಳ ಕೋವಿ. ಗುಂಡು ನೂರು ಗಜ ದಾಟಲ್ಲ. ಕರ್ನಾಟಕದಲ್ಲಿ ಇದಕ್ಕೆ ಲೈಸೆನ್ಸ್ ಬೇಡ. ಹಂದಿ ಓಡಿಸಲು ಸಾಕು." ಇದರಲ್ಲಿ ಒಂದು ಮಾತೂ ಸರಿಯಿಲ್ಲ.

ಮೊದಲು ಲೈಸೆನ್ಸ್ ವಿಷಯ. ಈ ಸುಳ್ಳಿನ ಬೇರು ಕೊಡಗಿನಲ್ಲಿದೆ. ಕೊಡವರಿಗೆ ಮತ್ತು ಅಲ್ಲಿನ ಜಮ್ಮಾ ಭೂಮಿ ಹೊಂದಿದವರಿಗೆ ಕೆಲವು ಬಗೆಯ ಬಂದೂಕುಗಳಿಗೆ ಲೈಸೆನ್ಸ್‌ನಿಂದ ವಿನಾಯಿತಿ ಇರುವುದು ನಿಜ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ವಿಸ್ತರಿಸಿತು, 2021ರಲ್ಲಿ ಹೈಕೋರ್ಟ್ ಎತ್ತಿಹಿಡಿಯಿತು. ಯಾರೋ ಅದನ್ನೇ ಇಡೀ ಕರ್ನಾಟಕಕ್ಕೆ ಹಿಗ್ಗಿಸಿದ್ದಾರೆ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯವರಿಗೆ ಅದು ಅನ್ವಯಿಸುವುದಿಲ್ಲ. ಇನ್ನೊಂದು ಗೊಂದಲ ಏರ್‌ಗನ್‌ನದು. 0.177 ಇಂಚಿನ, 20 ಜೂಲ್‌ಗಿಂತ ಕಡಿಮೆ ಶಕ್ತಿಯ ಏರ್ ರೈಫಲ್‌ಗೆ ಲೈಸೆನ್ಸ್ ಬೇಡ. ಅದು ಗಾಳಿಯ ಒತ್ತಡದಲ್ಲಿ ನಡೆಯುತ್ತದೆ. ಪಾಯಿಂಟ್ 22 ರಿಮ್‌ಫೈರ್‌ನಲ್ಲಿ ಇರುವುದು ಮದ್ದು, ಅಂದರೆ ಅದು ಪೂರ್ತಿ ಬಂದೂಕೇ. ಲೈಸೆನ್ಸ್ ಇಲ್ಲದೆ ಇಟ್ಟುಕೊಂಡರೆ 2019ರ ತಿದ್ದುಪಡಿಯ ಪ್ರಕಾರ ಕನಿಷ್ಠ 2 ವರ್ಷ ಜೈಲು.

1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೇ ಕಲಂ ಪಾಯಿಂಟ್ 22ರ ಹೆಸರನ್ನೇ ಹಿಡಿದು ಹೇಳುತ್ತದೆ. ಮಾನ್ಯತೆ ಪಡೆದ ಶೂಟಿಂಗ್ ಕ್ಲಬ್ ಅಥವಾ ರೈಫಲ್ ಸಂಘದ ಸದಸ್ಯರು ಗುರಿ ಅಭ್ಯಾಸಕ್ಕೆ ಇದನ್ನು ಕೇಳಬಹುದು. ಬೆಳೆ ರಕ್ಷಣೆಯ ಮಾತು ಬಂದಾಗ ಅದೇ ಕಲಂ ನಾಡಬಂದೂಕಿನ ಕಡೆ ಕೈ ತೋರಿಸುತ್ತದೆ. ವಯಸ್ಸು 21 ಆಗಿರಬೇಕು, ಪೊಲೀಸ್ ವರದಿ ಬರಬೇಕು, ಬಂದೂಕು ಸುರಕ್ಷತೆಯ ತರಬೇತಿ ಪಡೆದಿರಬೇಕು. ನಮ್ಮಂಥ ಜಿಲ್ಲೆಗಳಲ್ಲಿ ಲೈಸೆನ್ಸ್ ಕೊಡುವುದು ಡಿಸಿ ಕಚೇರಿ. ಈಗ ಅದರ ಅವಧಿ 5 ವರ್ಷ.

ಇನ್ನು ನೂರು ಗಜದ ಕತೆ. ನನಗೆ ಹೆದರಿಕೆ ಹುಟ್ಟಿಸಿದ್ದು ಇದೇ. ಸಾಮಾನ್ಯ ಪಾಯಿಂಟ್ 22 ಲಾಂಗ್ ರೈಫಲ್ ಗುಂಡಿನ ತೂಕ ಎರಡೂವರೆ ಗ್ರಾಂ ಆಸುಪಾಸು, ಅಷ್ಟೇ. ಆದರೆ ಅದು ನಳಿಗೆಯಿಂದ ಹೊರಡುವುದು ಸೆಕೆಂಡಿಗೆ ಸುಮಾರು 330 ಮೀಟರ್ ವೇಗದಲ್ಲಿ, ಹೆಚ್ಚುಕಡಿಮೆ ಶಬ್ದದ ವೇಗದಲ್ಲಿ. ಶಕ್ತಿ ಸುಮಾರು 140 ಜೂಲ್. ಲೈಸೆನ್ಸ್ ಬೇಡದ ಏರ್ ರೈಫಲ್‌ನ ಮಿತಿಗಿಂತ ಏಳು ಪಟ್ಟು. ನಳಿಗೆ ಮೇಲೆತ್ತಿ ಹೊಡೆದರೆ ಗುಂಡು ಒಂದೂವರೆ ಮೈಲಿವರೆಗೂ ಹೋಗಬಹುದು ಎಂದು ತೋಟಾ ಪೆಟ್ಟಿಗೆಗಳ ಮೇಲೆ ತಯಾರಕರೇ ಎಚ್ಚರಿಕೆ ಅಚ್ಚು ಹಾಕುತ್ತಾರೆ. ಹೊಲದಿಂದ ಪಕ್ಕದ ಊರಿಗೆ ಎಷ್ಟು ದೂರ ಎಂದು ನೀವೇ ಲೆಕ್ಕ ಹಾಕಿ. ನೂರು ಗಜ ಎಂಬುದು ಗುರಿ ಇಡಲು ಹಿತವಾದ ದೂರ ಮಾತ್ರ.

ಚಿತ್ರದುರ್ಗದವರಿಗೆ ಇನ್ನೂ ಒಂದು ಅಪಾಯವಿದೆ, ಬಂಡೆ. ದುಂಡು ಮೂತಿಯ ಮೆತ್ತನೆಯ ಸೀಸದ ಗುಂಡು ಕಲ್ಲಿಗೆ, ಗಟ್ಟಿ ನೆಲಕ್ಕೆ, ಕೆರೆಯ ನೀರಿಗೂ ಓರೆಯಾಗಿ ತಾಗಿದರೆ ಚಿಮ್ಮಿ ಬೇರೆ ದಿಕ್ಕಿಗೆ ಹಾರುತ್ತದೆ. ಬಂಡೆಗೆ ಒರಗಿಸಿಟ್ಟ ಡಬ್ಬಿಗೆ ಗುರಿ ಇಡುವುದು ಸಿನಿಮಾದಲ್ಲಿ ಚೆಂದ. ಅಭ್ಯಾಸ ಮಾಡಬೇಕಾದ್ದು ಹಿಂದೆ ಎತ್ತರದ ಮಣ್ಣುದಿಬ್ಬ ಇರುವ ಅಧಿಕೃತ ರೇಂಜ್‌ನಲ್ಲಿ.

ಹಂದಿಯ ವಿಷಯಕ್ಕೆ ಬಂದರೆ, ಬಂದೂಕಿನ ಲೈಸೆನ್ಸ್ ಅಂದರೆ ಬೇಟೆಯ ಲೈಸೆನ್ಸ್ ಅಲ್ಲ. ಕಾಡುಹಂದಿಯೂ 1972ರ ವನ್ಯಜೀವಿ ಕಾಯ್ದೆಯೊಳಗೇ ಬರುತ್ತದೆ. ಅದನ್ನು ಕೊಲ್ಲಲು ಅರಣ್ಯ ಇಲಾಖೆಯ ಲಿಖಿತ ಅನುಮತಿ ಬೇಕು. ನವಿಲು, ಕರಡಿ, ಕೃಷ್ಣಮೃಗದ ಮಾತಂತೂ ಎತ್ತುವಂತೆಯೇ ಇಲ್ಲ. ಪಾಯಿಂಟ್ 22 ಗುಂಡಿಗೆ ಹಂದಿ ಸಾಮಾನ್ಯವಾಗಿ ಬೀಳುವುದೂ ಇಲ್ಲ, ಗಾಯಗೊಂಡು ಓಡುತ್ತದೆ. ಗಾಯಗೊಂಡ ಹಂದಿ ಬೆಳಗ್ಗೆ ನೀರು ಕಟ್ಟಲು ಹೋದವರ ಮೇಲೆ ತಿರುಗಿಬಿದ್ದರೆ?

ಸರಿ, ಕ್ಲಬ್ ಸೇರಿ, ಲೈಸೆನ್ಸ್ ಪಡೆದು, ಕಾನೂನು ಪ್ರಕಾರವೇ ರೈಫಲ್ ತಂದಿರಿ ಎಂದುಕೊಳ್ಳೋಣ. ರಿಮ್‌ಫೈರ್ ಅಂದರೇನು ಎಂದು ತಿಳಿದಿರಲಿ. ಬೇರೆ ತೋಟಾಗಳಲ್ಲಿ ಕಿಡಿ ಹೊತ್ತಿಸುವ ಮದ್ದು ಹಿಂಬದಿಯ ನಡುವೆ ಇರುತ್ತದೆ. ಇದರಲ್ಲಿ ತೆಳುವಾದ ಅಂಚಿನೊಳಗೆ ಸುತ್ತಲೂ ಇರುತ್ತದೆ, ಪಿನ್ನು ಆ ಅಂಚಿಗೆ ಹೊಡೆಯುತ್ತದೆ. ಆದ್ದರಿಂದಲೇ ಖಾಲಿ ಕೋವಿಯ ಟ್ರಿಗರ್ ಸುಮ್ಮಸುಮ್ಮನೆ ಎಳೆಯಬೇಡಿ. ಕೆಲವು ರೈಫಲ್‌ಗಳಲ್ಲಿ ಪಿನ್ನು ನೇರ ಉಕ್ಕಿಗೆ ಬಡಿದು ಹಾಳಾಗುತ್ತದೆ. ಮದ್ದು ಅಂಚಿನ ಎಲ್ಲ ಕಡೆ ಸಮನಾಗಿ ಹರಡಿರದಿದ್ದರೆ ತೋಟಾ ಟುಸ್ ಆಗುವುದೂ ಉಂಟು. ಆಗ ತಕ್ಷಣ ತೆರೆದು ನೋಡಬಾರದು. ನಳಿಗೆಯನ್ನು ಗುರಿಯ ಕಡೆಗೇ ಹಿಡಿದು ಕನಿಷ್ಠ 30 ಸೆಕೆಂಡ್ ಕಾಯಿರಿ, ಕೆಲವೊಮ್ಮೆ ತಡವಾಗಿ ಹಾರುತ್ತದೆ. ಢಂ ಎನ್ನದೆ ಪುಸ್ ಎಂದರೆ ಮುಂದಿನ ತೋಟಾ ಹಾಕಲೇಬೇಡಿ. ಹಿಂದಿನ ಗುಂಡು ನಳಿಗೆಯಲ್ಲೇ ಸಿಕ್ಕಿಕೊಂಡಿರಬಹುದು.

ಮನೆಯಲ್ಲಿ ರೈಫಲ್ ಒಂದು ಬೀಗದಲ್ಲಿ, ತೋಟಾ ಇನ್ನೊಂದರಲ್ಲಿ. ಅಳಿಯನಿಗಾಗಲಿ ಸ್ನೇಹಿತನಿಗಾಗಲಿ ಎರವಲು ಕೊಡುವಂತಿಲ್ಲ. ಮದುವೆ, ಜಾತ್ರೆಯಲ್ಲಿ ಸಂಭ್ರಮಕ್ಕೆಂದು ಗುಂಡು ಹಾರಿಸಿ ಬೇರೆಯವರ ಜೀವಕ್ಕೆ ಅಪಾಯ ತಂದರೆ 2 ವರ್ಷದವರೆಗೆ ಜೈಲು ಅಥವಾ 1 ಲಕ್ಷದವರೆಗೆ ದಂಡ, ಅಥವಾ ಎರಡೂ. ಚುನಾವಣೆ ಬಂದಾಗ ಠಾಣೆಗೆ ಒಪ್ಪಿಸಲು ಆದೇಶವಾದರೆ ಒಪ್ಪಿಸಿ ರಸೀದಿ ಇಟ್ಟುಕೊಳ್ಳಿ. ಮತ್ತೆ, ಅಭ್ಯಾಸ ಮುಗಿದ ಮೇಲೆ ಸೋಪು ಹಚ್ಚಿ ಕೈ ತೊಳೆಯದೆ ಊಟಕ್ಕೆ ಕೂರಬೇಡಿ. ಬೆರಳಿಗೆ ಅಂಟಿರುವುದು ಸೀಸ.