ಜ್ಯಾಕು ಎತ್ತುತ್ತದೆ, ಹೊತ್ತು ನಿಲ್ಲುವುದಿಲ್ಲ

ಕಬ್ಬಿನ ಹಂಗಾಮು ಬಂತೆಂದರೆ ಅಕ್ಕಲಕೋಟೆ, ಸೊಲ್ಲಾಪುರ ಕಡೆಯ ನಮ್ಮ ಹಳ್ಳಿಗಳಲ್ಲಿ ಟ್ರ್ಯಾಕ್ಟರಿಗೂ ಟ್ರಾಲಿಗೂ ಬಿಡುವೆಂಬುದಿಲ್ಲ. ಸಣ್ಣ ರಿಪೇರಿಯಾದರೆ ಹೊಲದಲ್ಲಿಯೇ ಆಗುತ್ತದೆ. ದೊಡ್ಡದಾದರೆ ರಸ್ತೆ ಬದಿಯ ಗ್ಯಾರೇಜಿಗೆ ಹೋಗಬೇಕು. ಎರಡೂ ಕಡೆಗೆ ಕಾಣುವ ತಪ್ಪು ಒಂದೇ: ಜ್ಯಾಕು ಏರಿಸುವುದು, ಅದನ್ನೇ ನಂಬಿ ಕೆಳಗೆ ನುಗ್ಗುವುದು.

ಹೋದ ವರ್ಷ ನಾನೂ ಈ ತಪ್ಪು ಮಾಡಿದೆನು. ಟ್ರಾಲಿಯ ಗಾಲಿ ಬಿಚ್ಚಿದ್ದೆವು. ಅಣ್ಣನ ಮಗ ಅಚ್ಚಿನ ಕೆಳಗೆ ಮಲಗಿ ನಟ್ಟು ಸಡಿಲಿಸುತ್ತಿದ್ದನು. ಪಾನಾ ತರಲೆಂದು ಅವನು ಹೊರಗೆ ಬಂದನು. ಅಷ್ಟರಲ್ಲಿ ಜ್ಯಾಕು ವಾಲಿ ಟ್ರಾಲಿ ಧಡ್ಡೆಂದು ನೆಲಕ್ಕೆ ಕೂತಿತು. ಹುಡುಗ ಉಳಿದದ್ದು ದೈವದಿಂದ, ನನ್ನ ಜಾಣತನದಿಂದಲ್ಲ.

ನಮ್ಮ ಹಿರಿಯರು ಬಂಡಿಯ ಗಾಲಿಗೆ ಕೀಲೆಣ್ಣೆ ಹಾಕುವಾಗಲೂ ಅಚ್ಚಿಗೆ ಗಟ್ಟಿ ಊರುಗೋಲು ಕೊಡದೆ ಬಿಡುತ್ತಿರಲಿಲ್ಲ. ಬಂಡಿಗಿಂತ ಎಷ್ಟೋ ಪಟ್ಟು ಭಾರವಾದ ಟ್ರ್ಯಾಕ್ಟರಿಗೆ ನಾವು ಆ ಎಚ್ಚರವನ್ನು ಬಿಟ್ಟಿದ್ದೇವೆ.

ಜ್ಯಾಕು ಕೈಕೊಡುವುದಕ್ಕೆ ಕಾರಣಗಳುಂಟು. ಒಂದು, ನಮ್ಮ ಎರೆನೆಲ ಮೆತ್ತಗಿನದು. ಭಾರ ಬಿದ್ದಂತೆ ಜ್ಯಾಕಿನ ತಳ ಒಂದು ಮಗ್ಗುಲಿಗೆ ಕುಸಿಯುತ್ತದೆ. ಎರಡು, ಎಣ್ಣೆಯ ಜ್ಯಾಕಿನಲ್ಲಿ ಒಳಗಿನ ಸೀಲು ಸವೆದರೆ ಎಣ್ಣೆ ಸೋರಿ ಅದು ತಾನಾಗಿ ಇಳಿಯುತ್ತದೆ. ಮೂರನೆಯದನ್ನು ಬಹಳ ಜನ ಅರಿಯರು. ಟ್ರ್ಯಾಕ್ಟರನ್ನು ಗೇರಿನಲ್ಲಿ ಬಿಟ್ಟರೆ ಸಾಕೆಂದು ತಿಳಿಯುತ್ತಾರೆ. ಆದರೆ ಹಿಂದಿನ ಒಂದು ಗಾಲಿ ನೆಲ ಬಿಟ್ಟಿತೆಂದರೆ ಡಿಫರೆನ್ಷಿಯಲಿನ ಗುಣದಿಂದ ಆ ಗಾಲಿ ಹಿಂದುಮುಂದಾಗಿ ತಿರುಗುತ್ತದೆ, ನೆಲದ ಮೇಲಿನ ಗಾಲಿ ಉರುಳುತ್ತದೆ. ಗೇರು ಹಿಡಿಯುವುದಿಲ್ಲ.

ಆದುದರಿಂದ ಹೀಗೆ ಮಾಡತಕ್ಕದ್ದು. ಗಾಡಿಯನ್ನು ಸಮನಾದ ಗಟ್ಟಿ ನೆಲದ ಮೇಲೆ ನಿಲ್ಲಿಸಿ, ಎಂಜಿನ್ ಆರಿಸಿ, ಬ್ರೇಕು ಹಾಕಿರಿ. ನೆಲದ ಮೇಲುಳಿಯುವ ಗಾಲಿಗಳಿಗೆ ಹಿಂದೆಯೂ ಮುಂದೆಯೂ ಅಡ್ಡಗಟ್ಟೆ ಕೊಡಿರಿ. ಟ್ರ್ಯಾಕ್ಟರಿನ ಮುಂದಿನ ಅಚ್ಚು ನಡುವಿನ ಒಂದೇ ಕೀಲಿನ ಮೇಲೆ ತೂಗಾಡುತ್ತದೆ. ಹಿಂಭಾಗ ಎತ್ತುವ ಮೊದಲು ಅದರ ಎರಡೂ ಪಕ್ಕಕ್ಕೆ ಮರದ ಬೆಣೆ ಬಡಿಯಿರಿ. ಜ್ಯಾಕಿನ ತಳಕ್ಕೆ ಅಗಲವಾದ ದಪ್ಪ ಹಲಗೆ ಇರಲಿ. ಎತ್ತಿದ ಕೂಡಲೆ ಅಚ್ಚಿನ ಕೆಳಗೆ ಕಬ್ಬಿಣದ ಸ್ಟ್ಯಾಂಡು ಇಲ್ಲವೆ ಅಡ್ಡತಿಡ್ಡ ಪೇರಿಸಿದ ಜಾಲಿ ದಿಮ್ಮಿ ಇಟ್ಟು, ಜ್ಯಾಕು ಇಳಿಸಿ, ಭಾರವನ್ನೆಲ್ಲ ಅದರ ಮೇಲೆ ಕೂಡಿಸಿರಿ. ಇಟ್ಟಿಗೆ, ಸಿಮೆಂಟಿನ ಪೊಳ್ಳು ಬ್ಲಾಕು ಕೂಡದು. ಅವು ಸೂಚನೆ ಕೊಡದೆ ಪುಡಿಯಾಗುತ್ತವೆ. ಕೆಳಗೆ ನುಗ್ಗುವ ಮುನ್ನ ಒಮ್ಮೆ ಅಲುಗಿಸಿ ನೋಡಿರಿ.

ಎತ್ತಿದ ಟ್ರಾಲಿಯ ಮಾತೂ ಇದೇ. ಎಣ್ಣೆಯ ಪೈಪು ಒಡೆದರೆ, ಯಾರಾದರೂ ತಿಳಿಯದೆ ಹಿಡಿಕೆ ಮುಟ್ಟಿದರೆ, ಅದು ಕೆಳಗೆ ಬರುತ್ತದೆ. ಮೊದಲು ಖಾಲಿ ಮಾಡಿ, ಊರುಗೋಲು ಕೊಟ್ಟು, ತರುವಾಯ ಕೆಳಗೆ ಕೈ ಹಾಕಬೇಕು.

ಇನ್ನೊಂದು ಮಾತು ಮಾಸ್ತರನಾಗಿ ಹೇಳುತ್ತೇನೆ. ಮೈ ಸಣ್ಣದೆಂದು ಹುಡುಗರನ್ನೇ ಗಾಡಿಯ ಕೆಳಗೆ ನುಗ್ಗಿಸುವ ರೂಢಿ ಗ್ಯಾರೇಜುಗಳಲ್ಲಿದೆ. ೧೪ ವರ್ಷ ತುಂಬದವರನ್ನು ಕೆಲಸಕ್ಕಿಡುವುದನ್ನು ೨೦೧೬ರಲ್ಲಿ ತಿದ್ದುಪಡಿಯಾದ ೧೯೮೬ರ ಕಾನೂನು ನಿಷೇಧಿಸಿದೆ. ಕಾನೂನು ಒತ್ತಟ್ಟಿಗಿರಲಿ, ಅವನು ಯಾರದೋ ಮನೆಯ ಮಗನೆಂಬುದು ನಮ್ಮ ನೆನಪಿನಲ್ಲಿರಬೇಕು.

ನಾಲ್ಕು ದಿಮ್ಮಿ ಕೊಯ್ಸಿ ಟ್ರಾಲಿಯಲ್ಲಿಯೇ ಇಟ್ಟುಕೊಂಡಿದ್ದೇನೆ. ನೀವೂ ಈ ಹಂಗಾಮಿಗೆ ಮೊದಲೇ ಇಟ್ಟುಕೊಳ್ಳಿರಿ.